ಪ್ರಯೋಗದಲ್ಲಿ ರೈತನ ಪಾಲು ಎಷ್ಟು?

ಸಂಶೋಧನಾ ಕೇಂದ್ರಗಳಲ್ಲಿ ಕ್ಷೇತ್ರೋತ್ಸವ ನಡೆಯುವಾಗ ಬಾಗಿಲ ಬಳಿ ಒಂದು ಮೇಜು ಹಾಕಿ, ಅದರ ಮೇಲೆ ಹಾಜರಾತಿ ಪುಸ್ತಕ ಇಟ್ಟಿರುವುದನ್ನು ಓದುಗರಾದ ಬೇಸಾಯಗಾರರೆಲ್ಲ ಕಂಡಿದ್ದೀರಿ. ಹೆಸರು, ಊರು, ಹೋಬಳಿ ಬರೆದು ರುಜು ಹಾಕಿ ಒಳಗೆ ಹೋಗುತ್ತೀರಿ. ಸಂಜೆ ಎಲ್ಲರೂ ಊರಿಗೆ ಮರಳಿದ ಮೇಲೆ ಆ ರುಜುಗಳನ್ನು ಎಣಿಸಿ, "ಕಾರ್ಯಕ್ರಮದಲ್ಲಿ ಇಷ್ಟು ಮಂದಿ ರೈತರು ಪಾಲ್ಗೊಂಡಿದ್ದರು" ಎಂದು ವರದಿ ಬರೆಯಲಾಗುತ್ತದೆ. ಇಂಥ ವರದಿಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ವಿಸ್ತರಣಾ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಊಟದ ಹೊತ್ತಿಗೆ ಬಂದವರನ್ನೂ ಸೇರಿಸಿ ಎಣಿಸಿದ್ದುಂಟು ಎಂಬುದನ್ನು ಈಗ ಮುಚ್ಚಿಡಬೇಕಾಗಿಲ್ಲ.

ನಿವೃತ್ತಿಯ ನಂತರ ಊರಿಗೆ ಬಂದು ನಾಲ್ಕು ಎಕರೆ ಖುಷ್ಕಿಯಲ್ಲಿ ರಾಗಿ ಬೆಳೆಯುತ್ತಿದ್ದೇನೆ. ಈಗ ಮೇಜಿನ ಆಚೆ ಬದಿಯಲ್ಲಿ ನಿಂತು ರುಜು ಹಾಕುವ ಸರದಿ ನನ್ನದು. ಹಾಗೆ ನಿಂತಾಗಲೇ ನನಗೆ ಒಂದು ಪ್ರಶ್ನೆ ಹುಟ್ಟಿತು: ಈ ದಿನ ನಾನು ಬಂದದ್ದರಿಂದ ಈ ಕೇಂದ್ರದಲ್ಲಿ ಏನಾದರೂ ಬದಲಾಯಿತೆ? ನಾನು ಬಾರದೆ ಮನೆಯಲ್ಲೇ ಇದ್ದಿದ್ದರೆ ಯಾವ ಪ್ರಯೋಗಕ್ಕಾದರೂ ಕೊರತೆಯಾಗುತ್ತಿತ್ತೆ? ಇಲ್ಲವೆಂದೇ ಉತ್ತರ ಹೇಳಬೇಕಾಯಿತು.

ಪಾಲ್ಗೊಳ್ಳುವುದು ಎಂದರೆ ಪಾಲು ತೆಗೆದುಕೊಳ್ಳುವುದು. ವಾರಕ್ಕೆ ಹೊಲ ಮಾಡಿದವನಿಗೆ ಪಾಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಏನು ಬಿತ್ತಬೇಕೆಂಬ ಮಾತಿನಲ್ಲಿ ಅವನಿಗೆ ಪಾಲುಂಟು, ಬೆಳೆ ಕೈಕೊಟ್ಟರೆ ನಷ್ಟದಲ್ಲಿ ಪಾಲುಂಟು, ಕಣದಲ್ಲಿ ರಾಶಿ ಅಳೆಯುವಾಗ ಅವನು ಪಕ್ಕದಲ್ಲೇ ನಿಂತಿರುತ್ತಾನೆ. ಸಂಶೋಧನೆಯಲ್ಲಿ ರೈತರು ಪಾಲ್ಗೊಂಡರು ಎಂದು ಬರೆಯುವಾಗ ಈ ಮೂರರಲ್ಲಿ ಯಾವುದನ್ನು ಕೊಟ್ಟೆವು ಎಂದು ನಾವು ಕೇಳಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಕೊಡುವುದು ನಡುವಿನದೊಂದನ್ನೇ, ಅಂದರೆ ನಷ್ಟದ ಪಾಲನ್ನು.

ಒಂದು ರಾಗಿ ಪ್ರಯೋಗದ ಕಥೆ

ನಾನು ಕೆಲಸದಲ್ಲಿದ್ದಾಗ, 1990ರ ದಶಕದ ಕೊನೆಯಲ್ಲಿ, ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಆರು ಮಂದಿ ರೈತರ ಹೊಲಗಳಲ್ಲಿ ಒಂದು ರಾಗಿ ತಳಿಯ ಪರೀಕ್ಷೆ ನಡೆಸಿದೆವು. ಬೀಜ ನಮ್ಮದು, ಗೊಬ್ಬರ ನಮ್ಮದು, ಹೊಲ ಮತ್ತು ಗೆಯ್ಮೆ ಅವರದು. ತಾಕುಗಳನ್ನು ರಸ್ತೆಯ ಪಕ್ಕದಲ್ಲೇ ಆರಿಸಿದೆವು. ಮೇಲಧಿಕಾರಿಗಳು ಬಂದರೆ ಜೀಪು ಅಲ್ಲಿಯವರೆಗೆ ಹೋಗಬೇಕಲ್ಲ! ಅಲ್ಲಿಯ ರೈತರು ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ಹುಚ್ಚೆಳ್ಳು, ಜೋಳ ಹಾಕುವುದು ತಲೆತಲಾಂತರದ ರೂಢಿ. ಅದರಿಂದ ಇಳುವರಿಯ ಲೆಕ್ಕ ಕೆಡುತ್ತದೆ ಎಂದು ಹೇಳಿ ತಾಕಿನಲ್ಲಿ ಬರೀ ರಾಗಿ ಬಿತ್ತಿಸಿದೆವು. ಆ ಆರು ಮನೆಗಳಲ್ಲಿ ಆ ವರ್ಷ ಹಬ್ಬಕ್ಕೆ ಸೊಗಡವರೆ ಕಡಿಮೆಯಾಯಿತು. ನಮ್ಮ ಲೆಕ್ಕದಲ್ಲಿ ಅದು ಎಲ್ಲಿಯೂ ಬರಲಿಲ್ಲ.

ಬೆಳೆ ಚೆನ್ನಾಗಿ ಬಂತು. ತೆನೆ ತುಂಬಿತ್ತು, ಬೆಂಕಿ ರೋಗವೂ ಅಷ್ಟಾಗಿ ತಗಲಲಿಲ್ಲ. ಕಾಳು ತೂಗಿದೆವು, ಹುಲ್ಲನ್ನೂ ತೂಗಿದೆವು. ಎರಡೂ ಸ್ಥಳೀಯ ತಳಿಗಿಂತ ಹೆಚ್ಚೇ ಇದ್ದವು. "ಆರು ಮಂದಿ ರೈತರು ಸಕ್ರಿಯವಾಗಿ ಪಾಲ್ಗೊಂಡು ತಳಿಯನ್ನು ಮೆಚ್ಚಿಕೊಂಡರು" ಎಂದು ನನ್ನ ಕೈಯಿಂದಲೇ ವರದಿ ಹೋಯಿತು.

ಮೂರನೆಯ ವರ್ಷ ಬೇರೆ ಕೆಲಸಕ್ಕೆ ಆ ಹಳ್ಳಿಗೆ ಹೋದಾಗ ನೋಡುತ್ತೇನೆ, ಆರರಲ್ಲಿ ಒಬ್ಬರ ಹೊಲದಲ್ಲೂ ಆ ರಾಗಿ ಇಲ್ಲ. ಯಜಮಾನರನ್ನು ಕೇಳಿದರೆ, "ಚೆನ್ನಾಗಿತ್ತು ಸ್ವಾಮಿ, ಬೀಜ ಉಳೀಲಿಲ್ಲ" ಎಂದು ಮರ್ಯಾದೆಯ ಉತ್ತರ ಕೊಟ್ಟರು. ನಿಜವಾದ ಉತ್ತರ ಬಂದದ್ದು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಆ ಮನೆಯ ತಾಯಿಯವರಿಂದ. "ರಾಗಿ ಆಗಿತ್ತು ಸ್ವಾಮಿ, ಅದಕ್ಕೇನೂ ಹೇಳಂಗಿಲ್ಲ. ಆದರೆ ದನ ಬರೀ ಗರಿ ತಿಂದು ಕಡ್ಡಿ ಬಿಡ್ತಿದ್ವು. ನೀವು ಹುಲ್ಲು ತೂಗಿ ಬರ್ಕೊಂಡು ಹೋದ್ರಿ, ದನದ ಮುಂದೆ ಹಾಕಿ ನೋಡ್ಲಿಲ್ಲ."

ನಮ್ಮ ನಮೂನೆಯಲ್ಲಿ ಹುಲ್ಲಿನ ತೂಕಕ್ಕೆ ಜಾಗವಿತ್ತು. ಹುಲ್ಲು ಯಾರಿಗಾಗಿ ಎಂಬುದಕ್ಕೆ ಇರಲಿಲ್ಲ. ರಾಗಿ ಬೆಳೆಯುವ ಮನೆಗೆ ಹುಲ್ಲೆಂದರೆ ಬೇಸಿಗೆಯ ಆರು ತಿಂಗಳು ದನ ಉಳಿಯುವ ದಾರಿ, ಡೇರಿಗೆ ಹಾಲು ಹಾಕುವವರಿಗೆ ವಾರದ ಬಟವಾಡೆ. ಇದು ಆ ಹಳ್ಳಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಯುಗಾದಿಯ ಹೊತ್ತಿಗೆ, ಬೀಜದ ಚೀಲ ತರುವ ಮೊದಲೇ, ಒಂದು ಮಧ್ಯಾಹ್ನ ಅರಳಿಕಟ್ಟೆಯ ಮೇಲೂ ಕೊಟ್ಟಿಗೆಯ ಬಾಗಿಲಲ್ಲೂ ಕುಳಿತು ಕೇಳಿದ್ದರೆ ನಮಗೂ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಉಳಿಸಲು ಹೋಗಿ ಮೂರು ವರ್ಷ ಕಳೆದೆವು. ಸರ್ಕಾರದ ಹಣದ ಮಾತು ಹಾಗಿರಲಿ, ಒಳ್ಳೆಯ ಒಂದು ತಳಿ ಆ ಊರಿನಲ್ಲಿ ಹೆಸರು ಕೆಡಿಸಿಕೊಂಡಿತು. ಗಿಡ ಕೊಂಚ ಎಳೆಯದಾಗಿರುವಾಗ ಕೊಯ್ದು ಮೆದೆ ಒಟ್ಟಿದ್ದರೆ ಕಡ್ಡಿ ಮೆದುವಾಗಿರುತ್ತಿತ್ತೋ ಏನೋ. ಅದನ್ನು ಪರೀಕ್ಷಿಸುವ ಅವಕಾಶವೂ ಹೋಯಿತು.

ಹೊಲ ಕೊಟ್ಟರೆ ಪಾಲು ಆಯಿತೆ?

ರೈತರು ಸಂಶೋಧನೆಯೊಳಗೆ ಬರುವ ಬಗೆಗಳನ್ನು ಸ್ಟೀಫನ್ ಬಿಗ್ಸ್ ಎಂಬುವರು ಹಲವು ದೇಶಗಳ ಅನುಭವದಿಂದ 1989ರಲ್ಲಿ ನಾಲ್ಕಾಗಿ ವಿಂಗಡಿಸಿದರು. ಮೊದಲನೆಯದು ಕರಾರಿನ ಬಗೆ: ರೈತನ ಹೊಲವನ್ನೋ ಕೆಲಸವನ್ನೋ ಪಡೆದುಕೊಂಡು ಪ್ರಯೋಗವನ್ನು ವಿಜ್ಞಾನಿಯೇ ನಡೆಸುವುದು. ಎರಡನೆಯದು, ವೈದ್ಯರು ರೋಗಿಯನ್ನು ಕೇಳುವಂತೆ ರೈತನ ತೊಂದರೆ ಕೇಳಿಕೊಂಡು ಹೋಗಿ ಮದ್ದನ್ನು ತಾವೇ ಗೊತ್ತುಮಾಡುವುದು. ಮೂರನೆಯದು, ಇಬ್ಬರೂ ಜೊತೆಯಾಗಿ ಕೆಲಸ ಮಾಡುವುದು. ನಾಲ್ಕನೆಯದು, ರೈತರು ತಮ್ಮಷ್ಟಕ್ಕೆ ಮಾಡುತ್ತಿರುವ ಪ್ರಯೋಗಗಳಿಗೆ ವಿಜ್ಞಾನಿಯು ಸಮಾನನಾಗಿ ನಿಂತು ನೆರವಾಗುವುದು. ನಮ್ಮ ರಾಗಿ ಪರೀಕ್ಷೆ ಮೊದಲನೆಯ ಬಗೆಯದು. ವರದಿಯಲ್ಲಿ ಮಾತ್ರ ಅದು ಮೂರನೆಯದರಂತೆ ಕಾಣಿಸಿತು.

ಮೊದಲನೆಯ ಬಗೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಗೊಬ್ಬರದ ಪ್ರಮಾಣ ಗೊತ್ತುಮಾಡಲು ಹತ್ತು ಕಡೆಯ ಮಣ್ಣು ಬೇಕಾದರೆ ಹೊಲ ಕೇಳಿ ಪಡೆಯುವುದು ನ್ಯಾಯವೇ. ಆದರೆ ಅದನ್ನು ಅದೇ ಹೆಸರಿನಿಂದ ಕರೆಯಬೇಕು, ಹೊಲಕ್ಕೆ ತಕ್ಕ ಪ್ರತಿಫಲ ಕೊಡಬೇಕು. ಪಾಲುಗಾರಿಕೆ ಎಂದು ಕರೆದು ಪುಕ್ಕಟೆಯಾಗಿ ಹೊಲ ಪಡೆಯುವುದು ಸರಿಯಲ್ಲ.

ನಾಲ್ಕನೆಯ ಬಗೆ ಪುಸ್ತಕದಲ್ಲಿ ಮಾತ್ರ ಇರುವುದೆಂದು ಯಾರೂ ತಿಳಿಯಬಾರದು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಒಂದೂವರೆ ಎಕರೆಯ ಒಡೆಯರಾಗಿದ್ದ ದಾದಾಜಿ ಖೋಬ್ರಾಗಡೆಯವರು 1980ರ ದಶಕದಲ್ಲಿ ತಮ್ಮ ಗದ್ದೆಯ ಪಟೇಲ್–3 ಬತ್ತದ ನಡುವೆ ಬೇರೆಯಾಗಿ ಕಂಡ ಕೆಲವು ತೆನೆಗಳನ್ನು ಆರಿಸಿ, ವರ್ಷ ವರ್ಷವೂ ಬಿತ್ತಿ, ಸಣ್ಣ ಅಕ್ಕಿಯ ಒಂದು ತಳಿಯನ್ನೇ ಬೆಳೆಸಿದರು. ಆಗ ಎಲ್ಲರ ಕೈಯಲ್ಲೂ ಇದ್ದ, ನಮ್ಮ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಕೈಗಡಿಯಾರದ ಹೆಸರು ಅದಕ್ಕೆ ಬಿತ್ತು: ಎಚ್.ಎಂ.ಟಿ. ಮುಂದೆ 1998ರಲ್ಲಿ ಅಲ್ಲಿಯ ಕೃಷಿ ವಿದ್ಯಾಪೀಠ ಅದನ್ನು ಶುದ್ಧಗೊಳಿಸಿ ತನ್ನ ಹೆಸರು ಸೇರಿಸಿ ಬಿಡುಗಡೆ ಮಾಡಿತು. ಈ ಅಕ್ಕಿಯನ್ನು ನಮ್ಮ ರಾಜ್ಯದ ಅಂಗಡಿಗಳಲ್ಲೂ ಕೊಂಡು ಉಂಡಿದ್ದೇವೆ. ಖೋಬ್ರಾಗಡೆಯವರು 2018ರಲ್ಲಿ ತೀರಿಕೊಂಡರು. ತಳಿಯಿಂದ ಹಲವರು ಸಂಪಾದಿಸಿದರು. ಬೆಳೆಸಿದವರ ಬದುಕು ಬಡತನದಲ್ಲೇ ಕಳೆಯಿತು. ಯಾರಿಗೆ ಯಾವ ಪಾಲು ಎಂಬುದನ್ನು ಮೊದಲೇ ಬರೆದಿಡದಿದ್ದರೆ ಕೊನೆಯಲ್ಲಿ ಲೆಕ್ಕ ಹೇಗೆ ಬೀಳುತ್ತದೆ ಎಂಬುದನ್ನು ಇದರಲ್ಲಿ ಕಾಣಬಹುದು. ಈಗ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತನೂ ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಇಷ್ಟು ವರ್ಷವಾದರೂ ಈ ವಿಷಯ ತಿಳಿದವರು ನಮ್ಮ ಹೋಬಳಿಯಲ್ಲಿ ಎಷ್ಟು ಮಂದಿ ಎಂದರೆ ಬೆರಳೆಣಿಕೆಗೂ ಸಿಗುವುದಿಲ್ಲ.

ಹಳಬರು ಇದನ್ನು ಬೇರೆ ಹೆಸರಿನಿಂದ ಮಾಡುತ್ತಿದ್ದರು. ಫ್ರಾನ್ಸ್ ದೇಶದ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳಬಾರದೆಂದು ಬೆಳೆಗಾರರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲವೆಂಬುದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. ಅದೇ ಮುಂದೆ ಬೋರ್ಡೊ ದ್ರಾವಣವಾಯಿತು. ನಮ್ಮಲ್ಲಿಗೆ ಬಂದರೆ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆ ಕೊಳೆರೋಗವನ್ನು ತೋಟಗಳಲ್ಲೇ ಅಭ್ಯಾಸ ಮಾಡಿ, ಅದಕ್ಕೆ ಇದೇ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಸಿಂಪಡಿಸುವ ಕ್ರಮವನ್ನು ರೂಢಿಗೆ ತಂದರು. ಅದಕ್ಕಿಂತ ಮೊದಲಿನಿಂದಲೂ ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಪಾಡುತ್ತಿದ್ದರು. ನೀರು ನಿಂತ ಗೊನೆಗೇ ಕೊಳೆ ಹತ್ತುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ನೀರಿನಲ್ಲಿ ಬೆಳೆಯುವ ಶಿಲೀಂಧ್ರವನ್ನು ಮಾತ್ರ ಬರಿಗಣ್ಣಿಗೆ ಕಾಣುವುದು ಸಾಧ್ಯವಿರಲಿಲ್ಲ. ಒಂದು ಶತಮಾನ ಕಳೆದರೂ ಮಲೆನಾಡಿನಲ್ಲಿ ಆ ದ್ರಾವಣ ಹೊಡೆಯುತ್ತಲೇ ಇದ್ದಾರೆ. ಎರಡು ಬಗೆಯ ತಿಳುವಳಿಕೆ ಒಂದೇ ಮರದ ಬುಡದಲ್ಲಿ ಸೇರಿದ್ದರಿಂದ ಇದಾಯಿತೆಂಬುದು ನನ್ನ ಎಣಿಕೆ.

ಮೊದಲೇ ಗೊತ್ತುಮಾಡಬೇಕಾದದ್ದು

ರೈತರ ಪಾಲುಗಾರಿಕೆಗೆ ನಮ್ಮ ವ್ಯವಸ್ಥೆಯಲ್ಲಿ ಬಾಗಿಲುಗಳೇ ಇಲ್ಲವೆಂದಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 1979ರಲ್ಲಿ 'ಪ್ರಯೋಗಶಾಲೆಯಿಂದ ಹೊಲಕ್ಕೆ' ಎಂಬ ಕಾರ್ಯಕ್ರಮ ಆರಂಭಿಸಿತು. ಆ ಹೆಸರನ್ನೇ ನೋಡಿರಿ, ದಾರಿ ಒಂದೇ ಕಡೆಗೆ. ಹೊಲದಿಂದ ಪ್ರಯೋಗಶಾಲೆಗೆ ಬರುವ ದಾರಿ ಅದರಲ್ಲಿ ಇರಲಿಲ್ಲ. ಆಮೇಲೆ ಹಲವು ತಿದ್ದುಪಡಿಗಳಾದವು. ಕೃಷಿ ವಿಜ್ಞಾನ ಕೇಂದ್ರಗಳ ವೈಜ್ಞಾನಿಕ ಸಲಹಾ ಸಮಿತಿಗಳಲ್ಲಿ ರೈತರಿಗೂ ರೈತ ಮಹಿಳೆಯರಿಗೂ ಸ್ಥಾನವಿದೆ. ನಮ್ಮ ರಾಜ್ಯದ ಹತ್ತು ಕೃಷಿ ಹವಾಮಾನ ವಲಯಗಳಿಗೆ ವಲಯವಾರು ಸಂಶೋಧನಾ ಮತ್ತು ವಿಸ್ತರಣಾ ಕಾರ್ಯಾಗಾರಗಳು ನಡೆಯುತ್ತವೆ. ಬಾಗಿಲಿದೆ, ಕುರ್ಚಿಯೂ ಇದೆ. ಕುರ್ಚಿಯಲ್ಲಿ ಕುಳಿತವರು ಆಡಿದ ಮಾತು ಯಾವ ಕಾಗದಕ್ಕೆ ಹೋಗಿ ಯಾವ ತಾಕಿನಲ್ಲಿ ಮೊಳೆಯಿತು ಎಂಬ ಲೆಕ್ಕ ಮಾತ್ರ ಸಿಗುವುದಿಲ್ಲ.

ಇದಕ್ಕೆ ಕಾರಣ ವಿಜ್ಞಾನಿಗಳ ದುರುದ್ದೇಶವೆಂದು ನಾನು ಒಪ್ಪುವುದಿಲ್ಲ. ರೈತರನ್ನು ಕೇಳುವ ಕೆಲಸಕ್ಕೆ ಯೋಜನೆಯಲ್ಲಿ ದಿನವೂ ಇಲ್ಲ, ಹಣವೂ ಇಲ್ಲ. ಬೀಜಕ್ಕೆ, ಗೊಬ್ಬರಕ್ಕೆ, ಜೀಪಿನ ಡೀಸೆಲ್‌ಗೆ, ಫಲಕ ಬರೆಸುವುದಕ್ಕೆ ಬಾಬ್ತು ಇರುತ್ತದೆ. ರೈತರು ಕೂಲಿ ಬಿಟ್ಟು ಬಂದು ಅರ್ಧ ದಿನ ಕುಳಿತರೆ ಅದಕ್ಕೆ ಬಾಬ್ತಿಲ್ಲ. ಎರಡೆಕರೆಯವನೂ ಕೂಲಿಗೆ ಹೋಗುವ ಹೆಂಗಸೂ ಬರುವುದಿಲ್ಲ. ಬರುವವರು ಟ್ರ್ಯಾಕ್ಟರ್ ಉಳ್ಳವರು, ಅದೂ ಪ್ರತಿಸಲ ಅವರೇ. ಅವರಿಗೆ ನಾವು ಪ್ರಗತಿಪರ ರೈತರೆಂದು ಹೆಸರಿಟ್ಟಿದ್ದೇವೆ. ಅವರು ಒಳ್ಳೆಯ ಬೇಸಾಯಗಾರರೇ ಹೌದು, ಆದರೆ ನೀರಿಲ್ಲದವನ ಬೇಸಾಯ ಅವರಿಗೆ ಮರೆತುಹೋಗಿರುತ್ತದೆ. ಬ್ರಿಟನ್ನಿನಲ್ಲಿ ವೈದ್ಯಕೀಯ ಸಂಶೋಧನೆಗೆ ಸರ್ಕಾರದ ಹಣ ಬೇಡುವವರು ರೋಗಿಗಳನ್ನೂ ಸಾರ್ವಜನಿಕರನ್ನೂ ಕೆಲಸದಲ್ಲಿ ಹೇಗೆ ಸೇರಿಸಿಕೊಳ್ಳುತ್ತೇವೆಂದು ಅರ್ಜಿಯಲ್ಲೇ ಬರೆಯಬೇಕು. ಬಂದು ಕುಳಿತವರ ಸಮಯಕ್ಕೆ ಹಣ ಕೊಡುವ ಪದ್ಧತಿಯೂ ಅಲ್ಲಿದೆ. ಕಾಯಿಲೆಯವನಿಗೆ ಸಲ್ಲುವ ಮರ್ಯಾದೆ ಬೆಳೆ ಬೆಳೆಯುವವನಿಗೂ ಸಲ್ಲಬಾರದೇಕೆ?

ಪ್ರಯೋಗದ ಯೋಜನೆ ಬರೆಯುವಾಗಲೇ ಈ ಸಂಗತಿಗಳನ್ನು ಬರೆಯಬೇಕೆಂಬುದು ನನ್ನ ಸೂಚನೆ. ಪ್ರಶ್ನೆ ಯಾರದು, ಎಲ್ಲಿ, ಯಾರ ಮುಂದೆ ಕೇಳಿ ಗೊತ್ತುಮಾಡಿದ್ದು? ಖುಷ್ಕಿಯವರು ಎಷ್ಟು ಮಂದಿ, ಒಕ್ಕಣೆಯನ್ನೂ ದನಕರುಗಳನ್ನೂ ನೋಡಿಕೊಳ್ಳುವ ಹೆಂಗಸರು ಎಷ್ಟು ಮಂದಿ? ಪ್ರಯೋಗದ ತಾಕಿನಲ್ಲಿ ಬೆಳೆ ಹೋದರೆ ನಷ್ಟ ಯಾರದು? ಈ ಕೊನೆಯದನ್ನು ಬಾಯಿಮಾತಿಗೆ ಬಿಡಲೇಬಾರದು. ಸಂಶೋಧನಾ ಕೇಂದ್ರದ ತಾಕು ಒಣಗಿದರೆ ಅದು ಒಂದು ಅಂಕಿ, ರೈತನ ತಾಕು ಒಣಗಿದರೆ ಮನೆಯಲ್ಲಿ ಮುದ್ದೆಗೆ ಹಿಟ್ಟಿಲ್ಲ. ಬೆಳೆದ ಬೀಜ ರೈತನಲ್ಲೇ ಉಳಿಯುತ್ತದೆಯೆ, ಫಲಿತಾಂಶ ಅವನಿಗೆ ಯಾವಾಗ ತಿಳಿಯುತ್ತದೆ ಎಂಬುದೂ ಅದರಲ್ಲಿರಲಿ. ಮುಂದಿನ ಹಂಗಾಮಿನ ಬಿತ್ತನೆಗೆ ಮುಂಚೆ, ಕನ್ನಡದಲ್ಲಿ, ಹೊಲ ಕೊಟ್ಟವನ ಕೈಗೆ ಅದು ತಲುಪಬೇಕು. ಎರಡು ವರ್ಷದ ಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದರೆ ನಮ್ಮವರಿಗೆ ಅದರಿಂದ ಆಗುವುದೇನೂ ಇಲ್ಲ.

ಇನ್ನೊಂದು ಮಾತು, ಸಮಯದ ಬಗ್ಗೆ. ರೈತರನ್ನು ನಾವು ಕರೆಯುವುದು ಬೆಳೆ ತಲೆದೂಗುವಾಗ. ಆಗ ಎಲ್ಲ ತೀರ್ಮಾನವೂ ಮುಗಿದಿರುತ್ತದೆ. ನೂರು ತಳಿಗಳಲ್ಲಿ ತೊಂಬತ್ತೆಂಟನ್ನು ಬಿಟ್ಟು ಉಳಿದ ಎರಡನ್ನು ತೋರಿಸಿ 'ಯಾವುದು ಇಷ್ಟ?' ಎಂದರೆ ಅದು ಹೆಣ್ಣು ಗೊತ್ತುಮಾಡಿ, ಛತ್ರವನ್ನೂ ಗೊತ್ತುಮಾಡಿ, ಆಮೇಲೆ ಹುಡುಗನನ್ನು ಕೇಳಿದ ಹಾಗೆ. ಆಫ್ರಿಕಾದ ರುವಾಂಡಾ ದೇಶದಲ್ಲಿ 1980ರ ದಶಕದ ಕೊನೆಯಲ್ಲಿ ಹುರುಳಿಕಾಯಿ ಜಾತಿಯ ಕಾಳಿನ ಮೇಲೆ ಕೆಲಸ ಮಾಡುತ್ತಿದ್ದ ಲೂಯಿಸ್ ಸ್ಪರ್ಲಿಂಗ್ ಮತ್ತು ಅವರ ಜೊತೆಯವರು ಈ ಕ್ರಮವನ್ನು ತಿರುಗಿಸಿದರು. ಸಂಶೋಧನಾ ಕೇಂದ್ರದಲ್ಲಿ ಇನ್ನೂ ಬಹಳ ತಳಿಗಳು ಉಳಿದಿರುವಾಗಲೇ, ಊರಲ್ಲಿ ಆ ಬೆಳೆಯ ವಿಷಯದಲ್ಲಿ ಹೆಸರು ಪಡೆದ ಹೆಂಗಸರನ್ನು ಕರೆಸಿ ಆರಿಸಲು ಬಿಟ್ಟರು. ಅವರು ಆರಿಸಿ ತಮ್ಮ ಹೊಲಗಳಲ್ಲಿ ಬೆಳೆದ ತಳಿಗಳು ಅಲ್ಲಿಯ ರೂಢಿಯ ಬೀಜಕ್ಕಿಂತ ಸರಾಸರಿ ಶೇಕಡ 38ರವರೆಗೂ ಹೆಚ್ಚು ಇಳುವರಿ ಕೊಟ್ಟವು. ಅದೇ ಪ್ರದೇಶದಲ್ಲಿ ತಳಿ ತಜ್ಞರೇ ಆರಿಸಿದವುಗಳಿಂದ ಅಷ್ಟು ಲಾಭ ಕಾಣಲಿಲ್ಲ. ಬಾಳೆಯ ನೆರಳಿನಲ್ಲಿ ಯಾವ ಗಿಡ ಬರುತ್ತದೆ, ಬಡ ಮಣ್ಣಿಗೆ ಯಾವುದು ಒಗ್ಗುತ್ತದೆ ಎಂದು ನೋಡುವ ಕಣ್ಣು ಆ ಹೆಂಗಸರಿಗಿತ್ತು.

ಅಳೆಯುವುದು ಹೇಗೆ?

ಇನ್ನು ಅಳತೆಯ ವಿಷಯ. ರುಜುಗಳನ್ನು ಎಣಿಸುವುದು ಸುಲಭ, ಆದ್ದರಿಂದ ಅದನ್ನೇ ಎಣಿಸುತ್ತೇವೆ. ಕಳೆದುಹೋದ ಸೂಜಿಯನ್ನು ಬೆಳಕಿರುವ ಕಡೆ ಹುಡುಕಿದ ಹಾಗೆ ಇದು. ಎಣಿಸಬೇಕಾದ ಮುಖ್ಯ ಸಂಗತಿ ಒಂದೇ: ರೈತರ ಮಾತಿನಿಂದ ಪ್ರಯೋಗದಲ್ಲಿ ಏನು ಬದಲಾಯಿತು? ಹಂಗಾಮಿನ ಆರಂಭದಲ್ಲಿ ರೈತರು ಕೇಳಿದ್ದನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಹಂಗಾಮು ಮುಗಿದಾಗ ಅದರ ಎದುರಿಗೆ ಏನು ಮಾಡಿದೆವು, ಏನು ಬಿಟ್ಟೆವು, ಬಿಟ್ಟದ್ದೇಕೆ ಎಂದು ಬರೆದರೆ ಸಾಕು. ಯಾವ ಪ್ರಯೋಗವನ್ನಾದರೂ ರೈತರು ಬೇಡವೆಂದದ್ದರಿಂದ ಕೈಬಿಟ್ಟಿದ್ದರೆ ಅದನ್ನು ಸೋಲೆಂದು ತಿಳಿಯದೆ ಮೊದಲ ಸಾಲಿನಲ್ಲಿ ಬರೆಯಬೇಕು. ಏನೂ ಬದಲಾಗದಿದ್ದರೆ, ಇನ್ನೂರು ರುಜುಗಳಿದ್ದರೂ ಲೆಕ್ಕ ಸೊನ್ನೆಯೆಂದೇ ಬರೆಯಬೇಕು.

ಎರಡನೆಯ ಅಳತೆ ಮೂರನೆಯ ವರ್ಷದ್ದು. ಪುಕ್ಕಟೆ ಬೀಜ ನಿಂತ ಮೇಲೆ ಯಾರ ಕಣಜದಲ್ಲಿ ಆ ಬೀಜ ಉಳಿದಿದೆ, ಯಾರು ಪಕ್ಕದ ಊರಿನ ನೆಂಟರಿಗೆ ಒಂದು ಸೇರು ಕೊಟ್ಟಿದ್ದಾರೆ ಎಂದು ಹೋಗಿ ನೋಡುವುದು. ನನ್ನ ಅನುಭವದಲ್ಲಿ ಇದಕ್ಕಿಂತ ಖಚಿತವಾದ ಅಳತೆ ಇಲ್ಲ. ಇದನ್ನು ಯಾರೂ ಮಾಡದಿರುವುದಕ್ಕೆ ಕಾರಣವೂ ಗೊತ್ತು, ಮೂರನೆಯ ವರ್ಷಕ್ಕೆ ಯೋಜನೆ ಮುಗಿದಿರುತ್ತದೆ, ಅಧಿಕಾರಿಗೆ ವರ್ಗವಾಗಿರುತ್ತದೆ.

ಮೆಚ್ಚುಗೆಯನ್ನು ಅಳೆಯುವುದಕ್ಕೂ ಕ್ರಮವಿದೆ. ಊರಿಗೆ ಬಂದ ಅಧಿಕಾರಿ 'ಹೇಗಿದೆ?' ಎಂದರೆ ನಮ್ಮವರು ಚೆನ್ನಾಗಿಲ್ಲವೆಂದು ಹೇಳುವುದಿಲ್ಲ. ಮನೆಗೆ ಬಂದವರ ಮುಖ ಕೆಡಿಸಬಾರದೆಂಬುದು ನಮ್ಮ ಸಂಸ್ಕಾರ. ಆದ್ದರಿಂದ ತಾಕುಗಳ ಮುಂದೆ ಒಂದೊಂದು ಕುಡಿಕೆ ಇಟ್ಟು, ಗಂಡಸರ ಕೈಗೆ ಹುಣಿಸೆ ಬೀಜ, ಹೆಂಗಸರ ಕೈಗೆ ಅವರೆ ಕಾಳು ಕೊಟ್ಟು, ಮೆಚ್ಚಿದ ತಾಕಿನ ಕುಡಿಕೆಗೆ ಹಾಕಿರೆಂದರೆ ಯಾರೂ ಬಾಯಿ ಬಿಡಬೇಕಾಗಿಲ್ಲ. ಎರಡು ಕಾಳುಗಳು ಬೇರೆ ಬೇರೆ ಕುಡಿಕೆಯಲ್ಲಿ ಹೆಚ್ಚಾಗಿ ಬಿದ್ದರೆ ಅಲ್ಲಿಂದಲೇ ನಿಜವಾದ ಮಾತುಕತೆ ಆರಂಭ. ಇನ್ನೊಂದು ಕ್ರಮವನ್ನು 2010ರ ದಶಕದಲ್ಲಿ ಬಿಹಾರದ ಗೋಧಿ ಬೆಳೆಗಾರರಲ್ಲೂ, ಇಥಿಯೋಪಿಯ ಮತ್ತು ಮಧ್ಯ ಅಮೆರಿಕದಲ್ಲೂ ನಡೆಸಿ ನೋಡಿದ್ದಾರೆ. ಒಬ್ಬೊಬ್ಬ ರೈತನಿಗೆ ಹೆಸರು ಹೇಳದೆ ಮೂರು ಮೂರು ತಳಿಗಳ ಸಣ್ಣ ಪೊಟ್ಟಣ ಕೊಡುವುದು. ಅವನು ತನ್ನ ಹೊಲದಲ್ಲಿ ತನ್ನ ರೀತಿಯಲ್ಲೇ ಬೆಳೆದು, ಮೂರರಲ್ಲಿ ಯಾವುದು ಎಲ್ಲಕ್ಕಿಂತ ಮೇಲು, ಯಾವುದು ಎಲ್ಲಕ್ಕಿಂತ ಕೀಳು ಎಂದಷ್ಟೇ ಹೇಳುವುದು. ಒಬ್ಬನ ಮಾತು ಸಣ್ಣದು. ಸಾವಿರಾರು ಹೊಲಗಳ ಮಾತನ್ನು ಕೂಡಿಸಿದಾಗ ಯಾವ ತಳಿ ಯಾವ ಹವೆಗೆ ಒಗ್ಗುತ್ತದೆಂದು ತಿಳಿಯುತ್ತದೆ. ಓದು ಬಾರದವರೂ ಇದರಲ್ಲಿ ಸರಿಸಮಾನವಾಗಿ ಸೇರಬಹುದು. ಅಕ್ಕಡಿ ಸಾಲು ಹಾಕಿದರೂ ಇದರ ಲೆಕ್ಕ ಕೆಡುವುದಿಲ್ಲ ಎಂಬುದು ನನಗೆ ವಿಶೇಷವಾಗಿ ಹಿಡಿಸಿದ ಅಂಶ.

ಅಳತೆಯ ಹೆಸರಿನಲ್ಲಿ ಇನ್ನೊಂದು ನಾಟಕ ಆರಂಭವಾಗುವ ಭಯವೂ ನನಗಿದೆ. 'ರೈತರಿಂದ ಬಂದ ಪ್ರಶ್ನೆಗಳು ಎಷ್ಟು?' ಎಂದು ಮೇಲಿನಿಂದ ನಮೂನೆ ಬಂದರೆ ಪ್ರಶ್ನೆಗಳನ್ನು ಕಚೇರಿಯಲ್ಲೇ ಕುಳಿತು ಬರೆಯುವವರು ಇದ್ದಾರೆ. ನಾನು ಕೆಲಸದಲ್ಲಿದ್ದಿದ್ದರೆ ಮಾರ್ಚ್ ತಿಂಗಳ ಅವಸರದಲ್ಲಿ ನಾನೂ ಬರೆಯುತ್ತಿದ್ದೆನೇನೋ. ಅದಕ್ಕಾಗಿ ಆ ಹಾಳೆಯ ಒಂದು ಪ್ರತಿ ರೈತರ ಕೈಯಲ್ಲೇ, ಹಾಲಿನ ಸಂಘದಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಇರಬೇಕು. ವರ್ಷದ ಕೊನೆಗೆ ಅಲ್ಲೇ ಎಲ್ಲರ ಎದುರಿಗೆ ಓದಬೇಕು.

ಎಲ್ಲ ಸಂಶೋಧನೆಗೂ ರೈತರನ್ನು ಕೇಳಬೇಕೆಂದು ಹೊರಟರೂ ತಪ್ಪೇ. ಬೆಂಕಿ ರೋಗದ ಶಿಲೀಂಧ್ರ ಬೀಜಕಣವಾಗಿ ಹೇಗೆ ಹರಡುತ್ತದೆಂಬುದು ಸೂಕ್ಷ್ಮದರ್ಶಕದ ಕೆಲಸ. ಬೇರುಗಂಟಿನ ಜಂತುಹುಳು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗುಲಗಂಜಿ ಹುಳ ಹೇನು ತಿಂದು ನಮಗೆ ಉಪಕಾರ ಮಾಡುತ್ತಿದ್ದರೂ ಅದನ್ನೂ ಪೀಡೆಯೆಂದು ತಿಳಿದು ಔಷಧಿ ಹೊಡೆದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಿಸಿ ಇಂಡಾಫ್ ತಳಿಗಳನ್ನು ತಂದಾಗ, ಆಫ್ರಿಕಾದ ರಾಗಿ ಬೇಕೆಂದು ಯಾವ ರೈತನೂ ಕೇಳಿರಲಿಲ್ಲ. ಕೇಳಲು ಅವನಿಗೆ ಅದರ ಸುಳಿವೇ ಇರಲಿಲ್ಲ. ಆ ದಾರಿಯನ್ನು ಕಂಡದ್ದು ವಿಜ್ಞಾನಿಯ ಕಣ್ಣು. ಅಂಥ ತಳಿ ನನ್ನ ಹೊಲಕ್ಕೆ, ನನ್ನ ಕೊಟ್ಟಿಗೆಗೆ ಬಂದಾಗ ಅದನ್ನು ಅಳೆಯುವ ಕಣ್ಣು ನಮ್ಮದು.

ಬೇಸಾಯಗಾರ ಬಂಧುಗಳ ಕಡೆಯ ಕೆಲಸವೂ ಸ್ವಲ್ಪ ಇದೆ. ಪ್ರಯೋಗಕ್ಕೆ ಹೊಲ ಕೇಳಿ ಬಂದಾಗ ಸಬ್ಸಿಡಿ ಏನು ಸಿಗುತ್ತದೆ ಎಂಬುದೊಂದನ್ನೇ ಕೇಳಿ ಸುಮ್ಮನಾಗಬೇಡಿ. ಏನನ್ನು ಪರೀಕ್ಷಿಸುತ್ತೀರಿ, ಬೆಳೆ ಹೋದರೆ ಏನು ಕೊಡುತ್ತೀರಿ, ಫಲಿತಾಂಶ ಯಾವಾಗ ತಿಳಿಸುತ್ತೀರಿ ಎಂದು ಕೇಳಿರಿ. ಬೇಡವೆನಿಸಿದರೆ ಬೇಡವೆಂದೇ ಹೇಳಿರಿ, ಬಂದವರು ಬೇಸರಪಡುವುದಿಲ್ಲ, ಪಟ್ಟರೂ ಒಂದು ದಿನ. ಬಿತ್ತಿದ ದಿನ, ಮಳೆ ಬಿದ್ದ ದಿನ, ರೋಗ ಕಂಡ ದಿನ, ಇಷ್ಟನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಡಿ. ಸಭೆಯಲ್ಲಿ 'ಹೋದ ಸಲ ಮಳೆ ಕೈಕೊಟ್ಟಿತು' ಎನ್ನುವವನಿಗಿಂತ 'ಪುಷ್ಯ ಮಳೆಯಲ್ಲಿ ಬಿತ್ತಿದ್ದು ಬಂತು, ಅದಕ್ಕಿಂತ ಹದಿನೈದು ದಿನ ತಡವಾಗಿ ಬಿತ್ತಿದ್ದು ಬರಲಿಲ್ಲ' ಎನ್ನುವವನ ಮಾತು ಕಾಗದಕ್ಕೆ ಏರುತ್ತದೆ.

ಕಳೆದ ಹಂಗಾಮಿನಲ್ಲಿ ನನ್ನ ಹೊಲಕ್ಕೂ ಒಂದು ಪ್ರಯೋಗ ಬಂತು. ನಮೂನೆ ಹಿಡಿದು ಬಂದ ಯುವ ವಿಜ್ಞಾನಿ ನನ್ನ ಮಗನ ವಯಸ್ಸಿನವರು. ಅಕ್ಕಡಿ ಸಾಲು ಬಿಡದೆ ರಾಗಿ ಬಿತ್ತುವುದಿಲ್ಲವೆಂದು ನಮ್ಮ ಮನೆಯವರು ಹಟ ಹಿಡಿದರು. ಅವರು ತಮ್ಮ ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಹೋದರು. ಮರಳಿ ಬರುವುದಿಲ್ಲವೆಂದೇ ನಾನು ತಿಳಿದಿದ್ದೆ. ಹನ್ನೆರಡು ದಿನದ ಮೇಲೆ ಬಂದರು. ಅರ್ಧ ತಾಕಿಗೆ ಬರೀ ರಾಗಿ, ಇನ್ನರ್ಧಕ್ಕೆ ಅವರೆ ಸಾಲು ಎಂದು ಒಪ್ಪಿಗೆಯಾಗಿತ್ತು. ಹುಲ್ಲಿನ ಕಥೆಯನ್ನು ನಾನು ಹೇಳಿದಾಗ ಅಚ್ಚಾದ ನಮೂನೆಯ ಬಲಗಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಮೇಲೆ 'ದನ ಬಿಟ್ಟ ಕಡ್ಡಿ, ಕಿಲೋ' ಎಂದು ಬರೆದುಕೊಂಡರು. ಆ ಕಾಲಂ ತುಂಬುವುದನ್ನು ನಮ್ಮ ಮನೆಯವರು ವಹಿಸಿಕೊಂಡಿದ್ದಾರೆ. ಬೆಳಿಗ್ಗೆ ಗೋದಲಿ ಗುಡಿಸುವಾಗ ಹಾಲಿನ ಡೇರಿಯ ಹಳೆಯ ತಕ್ಕಡಿಯಲ್ಲಿ ತೂಗಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದಾರೆ.